ಕೋರ್ಸ್ ಬಿಡ್ಡಿಂಗ್: ಕ್ಲಾಸಿನ ಸೀಟಿಗೂ ಹರಾಜಾ?

ಹೊರದೇಶದಲ್ಲಿ ಓದುತ್ತಿರುವ ಮಗಳೋ ಮಗನೋ "ಈ ವಾರ ಫೋನ್ ಮಾಡಬೇಡಿ, ಬಿಡ್ಡಿಂಗ್ ಇದೆ" ಅಂದರೆ ಮನೆಯವರಿಗೆ ಎದೆ ಧಸಕ್ಕೆನ್ನುವುದು ಸಹಜ. ಫೀಸು ಕಟ್ಟಿದ್ದಾಯಿತು, ಹಾಸ್ಟೆಲ್ಲಿಗೆ ಕೊಟ್ಟಿದ್ದಾಯಿತು, ಈಗ ಇದ್ಯಾವ ಹರಾಜು? ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಿಜವಾದ ದುಡ್ಡು ಒಂದು ಪೈಸೆಯೂ ಇಲ್ಲ. ಇರುವುದೆಲ್ಲ ಪಾಯಿಂಟು. ಯೂನಿವರ್ಸಿಟಿ ಪ್ರತಿ ವಿದ್ಯಾರ್ಥಿಗೂ ಒಂದಿಷ್ಟು ಪಾಯಿಂಟ್ ಕೊಡುತ್ತದೆ, ಅವರು ಅದನ್ನು ತಮಗೆ ಬೇಕಾದ ಕೋರ್ಸುಗಳ ಮೇಲೆ ಹಂಚಿ ಹಾಕುತ್ತಾರೆ, ಒಂದು ಕೋರ್ಸಿನ ಮೇಲೆ ಜಾಸ್ತಿ ಪಾಯಿಂಟ್ ಇಟ್ಟವರಿಗೆ ಅದರ ಸೀಟು. ಇದಕ್ಕೆ ಕೋರ್ಸ್ ಬಿಡ್ಡಿಂಗ್ ಅನ್ನುತ್ತಾರೆ.

'ಬಿಡ್' ಪದ ನಮಗೇನೂ ಹೊಸದಲ್ಲ. ಪೇಪರಿನ ಹರಾಜು ಪ್ರಕಟಣೆಗಳಲ್ಲಿ 'ಬಿಡ್ಡುದಾರರು' ಅಂತ ಬರುತ್ತದೆ, ಊರಿನಲ್ಲಾದರೆ 'ಹರಾಜು ಕೂಗೋದು' ಅನ್ನುತ್ತೇವೆ. ಐಪಿಎಲ್ ಹರಾಜಂತೂ 2018ರಲ್ಲೂ 2022ರಲ್ಲೂ ಬೆಂಗಳೂರಿನಲ್ಲೇ ನಡೆಯಿತು, ಕೈಯಲ್ಲಿ ಇಂತಿಷ್ಟೇ ಪರ್ಸು ಇಟ್ಟುಕೊಂಡು ಟೀಮು ಕಟ್ಟುವ ಪಾಡು ಎಂಥದ್ದು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಕೋರ್ಸ್ ಬಿಡ್ಡಿಂಗೂ ಹೆಚ್ಚುಕಮ್ಮಿ ಅದೇ ಪಾಡು. ಆದರೆ ಇಲ್ಲಿ ಯಾರೂ ಕೂಗುವುದಿಲ್ಲ, ಪಕ್ಕದವನು ಎಷ್ಟು ಹಾಕಿದ ಅಂತ ಬಹಳ ಕಡೆ ಕಾಣುವುದೂ ಇಲ್ಲ. ಆ ಮಟ್ಟಿಗೆ ಇದು ಹರಾಜಿಗಿಂತ ಮುಚ್ಚಿದ ಟೆಂಡರಿಗೆ ಹತ್ತಿರ.

ಇಷ್ಟೆಲ್ಲ ರಗಳೆ ಯಾಕೆ ಅಂದರೆ, ಅಮೆರಿಕ, ಸಿಂಗಪುರದಂಥ ಕಡೆ ವಿದ್ಯಾರ್ಥಿ ತನ್ನ ಟೈಮ್‌ಟೇಬಲನ್ನು ಬಹುಪಾಲು ತಾನೇ ಕಟ್ಟಿಕೊಳ್ಳಬೇಕು. ಒಳ್ಳೆಯ ಪ್ರೊಫೆಸರ್ ಪಾಠ ಮಾಡುವ ಕ್ಲಾಸಿಗೆ 60 ಸೀಟು, ಬೇಕು ಅನ್ನುವವರು 90 ಜನ. ಮೊದಲು ಬಂದವರಿಗೆ ಮೊದಲು ಅಂತ ಬಿಟ್ಟರೆ ಇಂಟರ್ನೆಟ್ ಜೋರಾಗಿದ್ದವರು ಗೆಲ್ಲುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಇದು ಯಾವ ಮಟ್ಟಕ್ಕೆ ಹೋಯಿತೆಂದರೆ, ನೋಂದಣಿ ದಿನ ವಿದ್ಯಾರ್ಥಿಗಳು ವೇಗದ ಕಂಪ್ಯೂಟರ್ ಸಿಗುತ್ತದೆ ಅಂತ ಗೇಮಿಂಗ್ ಸೆಂಟರ್‌ಗಳಿಗೆ ಹೋಗಿ ಕೂರುತ್ತಾರೆ. ಅಲ್ಲಿನ ಯೊನ್ಸೇ ಯೂನಿವರ್ಸಿಟಿ ಈ ಕ್ಲಿಕ್ ಜಗಳ ಬೇಡ ಅಂತ 2015ರಲ್ಲಿ 'ಮೈಲೇಜ್' ಪದ್ಧತಿ ತಂದಿತು. ಸೆಮಿಸ್ಟರಿಗೆ ಸಾಮಾನ್ಯವಾಗಿ 72 ಮೈಲೇಜು, ಒಂದು ಕೋರ್ಸಿಗೆ ಹೆಚ್ಚೆಂದರೆ 36. ಹೆಸರು ಬೇರೆ, ಕೆಲಸ ಬಿಡ್ಡಿಂಗೇ.

ಲೆಕ್ಕ ಹೇಗೆ ಅಂದರೆ, ಆ 90 ಬಿಡ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ 60 ಜನಕ್ಕೆ ಸೀಟು ಕೊಡುತ್ತಾರೆ. 60ನೆಯವನು 210 ಪಾಯಿಂಟ್ ಹಾಕಿದ್ದರೆ ಆ ಕೋರ್ಸಿನ ಕಟ್ ಆಫ್ 210. ಕೆಲವು ಕಡೆ ಎಲ್ಲರಿಂದಲೂ ಆ 210 ಮಾತ್ರ ಕಳೆಯುತ್ತಾರೆ, 700 ಹಾಕಿದ್ದವನಿಗೂ ಮಿಕ್ಕಿದ್ದು ವಾಪಸ್. ಇನ್ನು ಕೆಲವು ಕಡೆ ಹಾಕಿದಷ್ಟೂ ಹೋಯಿತು. ಯಾರಿಗೂ ಅಷ್ಟಾಗಿ ಬೇಡದ ಕೋರ್ಸಿನಲ್ಲಿ ಸೀಟು ಉಳಿದೇ ಇರುತ್ತದೆ, ಅದಕ್ಕೆ ಒಂದು ಪಾಯಿಂಟ್ ಹಾಕಿದರೂ ನಡೆಯುತ್ತದೆ.

ನ್ಯಾಷನಲ್ ಯೂನಿವರ್ಸಿಟಿ ಆಫ್ ಸಿಂಗಪುರದಲ್ಲಿ 'ಕಾರ್ಸ್' ಅನ್ನುವ ಬಿಡ್ಡಿಂಗ್ ವ್ಯವಸ್ಥೆ ವರ್ಷಗಟ್ಟಲೆ ಇತ್ತು, 2019ರಲ್ಲಿ ಅದನ್ನು ತೆಗೆದು ಆದ್ಯತೆ ನೋಡಿ ಸೀಟು ಹಂಚುವ ಪದ್ಧತಿ ತಂದರು. ಕಾರ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಖಾತೆ: ಸ್ವಂತ ವಿಭಾಗದ ಕೋರ್ಸುಗಳಿಗೆ 'ಪಿ' ಪಾಯಿಂಟು, ಹೊರಗಿನ ಕೋರ್ಸುಗಳಿಗೆ 'ಜಿ' ಪಾಯಿಂಟು. ಬಿಡ್ಡಿಂಗಿನ ಮೊದಲ ಹೊತ್ತು ತೆರೆದದ್ದು, ಅಂದರೆ ಕಟ್ ಆಫ್ ಎಲ್ಲಿದೆ ಅಂತ ಕಾಣುತ್ತಿತ್ತು. ಕೊನೆಯ ಹೊತ್ತು ಮುಚ್ಚಿದ್ದು, ಪೂರ್ತಿ ಕತ್ತಲು. ಖರ್ಚಾಗದ ಪಾಯಿಂಟು ಮುಂದಿನ ಸೆಮಿಸ್ಟರಿಗೆ ಹೋಗುತ್ತಿತ್ತು, ಹಾಗಾಗಿ ಕೂಡಿಡುವ ಬುದ್ಧಿಯೂ ಬೇಕಿತ್ತು. ಅದೇ ಊರಿನ ಸಿಂಗಪುರ ಮ್ಯಾನೇಜ್‌ಮೆಂಟ್ ಯೂನಿವರ್ಸಿಟಿಯ ವ್ಯವಸ್ಥೆಗೆ 'ಬಾಸ್' ಅಂತ ಹೆಸರು, ಅಲ್ಲಿ ಪಾಯಿಂಟಿಗೆ 'ಈ-ಡಾಲರ್' ಅನ್ನುತ್ತಾರೆ. ಡಾಲರ್ ಅಂದ ಮಾತ್ರಕ್ಕೆ ಅದನ್ನು ತಗೊಂಡು ಹೋಗಿ ಒಂದು ಕಾಫಿ ಕುಡಿಯೋಕೂ ಆಗಲ್ಲ.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಈ ಕಾಫಿಯಲ್ಲೇ. ನಮ್ಮ ಚೀಟಿ ಹರಾಜು ನೆನಪಿಸಿಕೊಳ್ಳಿ. ಮಗಳ ಮದುವೆಗೆ ಅರ್ಜೆಂಟಾಗಿ ದುಡ್ಡು ಬೇಕಾದವರು ಜಾಸ್ತಿ ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ. ಅಷ್ಟೊಂದು ಅವಸರ ಇಲ್ಲದವರು ಸುಮ್ನೆ ಕೂರುತ್ತಾರೆ, ಯಾಕಂದರೆ ಬಿಟ್ಟುಕೊಟ್ಟ ಒಂದೊಂದು ರೂಪಾಯಿಯೂ ಮನೆಯ ದುಡ್ಡು, ಅದರಲ್ಲಿ ಅಕ್ಕಿ ಬೇಳೆ ಬರುತ್ತದೆ. ಹಾಗಾಗಿ ಅವರು ಕೂಗುವ ಅಂಕಿಯಲ್ಲಿ ಅವರ ಅವಸರ ಎಷ್ಟು ಅಂತ ಗೊತ್ತಾಗುತ್ತದೆ. ಪಾಯಿಂಟಿನಲ್ಲಿ ಇದು ನಡೆಯಲ್ಲ. ಓದು ಮುಗಿದ ದಿನ ಖಾತೆಯಲ್ಲಿ 400 ಪಾಯಿಂಟ್ ಉಳಿದಿದ್ದರೆ ಅದನ್ನು ಉಪ್ಪು ಹಾಕಿ ನೆಕ್ಕಬೇಕು ಅಷ್ಟೇ. ಉಳಿಸಿದ್ದಕ್ಕೆ ಬೆಲೆಯಿಲ್ಲದ ಮೇಲೆ, ಖರ್ಚು ಮಾಡಿದ ಅಂಕಿ ಆಸೆಯನ್ನು ತೋರಿಸುತ್ತದೆ ಅಂತ ಹೇಗೆ ನಂಬೋದು? ಅದು ಅರ್ಧ ಆಸೆ, ಇನ್ನರ್ಧ 'ಬೇರೆಯವರು ಎಷ್ಟು ಹಾಕಬಹುದು' ಅನ್ನುವ ಊಹೆ.

ಒಂದು ಉದಾಹರಣೆ ಕಟ್ಟೋಣ. ಒಬ್ಬಳ ಹತ್ತಿರ 1000 ಪಾಯಿಂಟ್ ಇದೆ ಅಂದುಕೊಳ್ಳಿ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ಯಾಂಕಿಂಗ್ ಕೋರ್ಸು, ಆದರೆ ಅದರ ಕಡೆ ಜನ ಅಷ್ಟಾಗಿ ಬರುವುದಿಲ್ಲ ಅಂತ ಸೀನಿಯರ್‌ಗಳಿಂದ ಕೇಳಿದ್ದಾಳೆ, ಅದಕ್ಕೇ 100 ಹಾಕಿದಳು. ಎರಡನೇ ಇಷ್ಟ ಮಾರ್ಕೆಟಿಂಗ್, ಅದಕ್ಕೆ ಜಾತ್ರೆಯಷ್ಟು ಜನ, ಅದಕ್ಕೆ 600. ಎರಡೂ ಸೋಮವಾರ ಬೆಳಿಗ್ಗೆ 10ಕ್ಕೆ. ಈಗ ಕಂಪ್ಯೂಟರ್ ಏನು ಮಾಡುತ್ತದೆ? ದೊಡ್ಡ ಬಿಡ್‌ನಿಂದ ಶುರು ಮಾಡಿ ಒಂದೊಂದನ್ನೇ ನೋಡುತ್ತಾ ಬರುತ್ತದೆ. ಮಾರ್ಕೆಟಿಂಗಿನ 600 ಮೊದಲು ಸಿಕ್ಕಿತು, ಸೀಟು ಕೊಟ್ಟಿತು. ಆಮೇಲೆ ಬ್ಯಾಂಕಿಂಗಿನ 100 ಬಂದಾಗ, 'ಅಯ್ಯೋ, ಈ ಹೊತ್ತಿಗೆ ಇವಳಿಗೆ ಆಗಲೇ ಕ್ಲಾಸಿದೆ' ಅಂತ ತಳ್ಳಿಹಾಕಿತು. ಬ್ಯಾಂಕಿಂಗಿನ ಕಟ್ ಆಫ್ ಬರೀ 80ಕ್ಕೆ ನಿಂತಿತ್ತು. ಅವಳಿಗೆ ಪಾಯಿಂಟು ಸಾಕಾಗಿತ್ತು, ಇಷ್ಟವೂ ಇತ್ತು, ಆದರೂ ಸೀಟು ಸಿಗಲಿಲ್ಲ. ತಪ್ಪು ಯಾರದು? ಅವಳದ್ದಂತೂ ಅಲ್ಲ. 600 ದೊಡ್ಡ ಅಂಕಿ, ಆದ್ದರಿಂದ ಅದೇ ಅವಳ ದೊಡ್ಡ ಆಸೆ ಅಂತ ಕಂಪ್ಯೂಟರ್ ತಾನೇ ತೀರ್ಮಾನ ಮಾಡಿತ್ತಲ್ಲ, ಅದು.

ಈ ಎಡವಟ್ಟನ್ನು ಟೈಫುನ್ ಸೊನ್ಮೆಜ್ ಮತ್ತು ಉಟ್ಕು ಉನ್ವೆರ್ ಅನ್ನುವ ಅರ್ಥಶಾಸ್ತ್ರಜ್ಞರು 2010ರ ಒಂದು ಲೇಖನದಲ್ಲಿ ಬಿಡಿಸಿ ತೋರಿಸಿದರು, ಮಿಷಿಗನ್ ಯೂನಿವರ್ಸಿಟಿಯ ಬಿಸಿನೆಸ್ ಸ್ಕೂಲಿನ ಪದ್ಧತಿಯನ್ನು ಮುಂದಿಟ್ಟುಕೊಂಡು. ಒಂದೇ ಅಂಕಿಯ ಹೆಗಲಿಗೆ ಎರಡು ಕೆಲಸ ಹೊರಿಸಿದ್ದೀರಿ ಅನ್ನುವುದು ಅವರ ಮಾತು: ಸೀಟಿನ ಮೇಲೆ ಯಾರ ಹಕ್ಕು ಜಾಸ್ತಿ ಅಂತಲೂ ಅದೇ ಹೇಳಬೇಕು, ಯಾರಿಗೆ ಯಾವುದು ಇಷ್ಟ ಅಂತಲೂ ಅದೇ ಹೇಳಬೇಕು. ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಪಾಯಿಂಟ್ ಹಾಕಿಸಿಕೊಳ್ಳಿ, ಜೊತೆಗೆ ಇಷ್ಟದ ಕ್ರಮವನ್ನು ಬೇರೆಯಾಗಿ ಬರೆಸಿಕೊಳ್ಳಿ. ನಮ್ಮ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಬರೆಯುವುದಿಲ್ಲವೇ, ಹಾಗೆ. ಸಿಇಟಿಯಲ್ಲಿ ಹಕ್ಕನ್ನು ರ‍್ಯಾಂಕು ನೋಡಿಕೊಳ್ಳುತ್ತದೆ, ಇಷ್ಟವನ್ನು ಪಟ್ಟಿ ನೋಡಿಕೊಳ್ಳುತ್ತದೆ. ಆ ಎರಡು ಕೆಲಸ ಬೇರೆ ಬೇರೆಯಾಗಿರುವುದು ಎಷ್ಟು ದೊಡ್ಡ ಅನುಕೂಲ ಅಂತ ಆಪ್ಷನ್ ಎಂಟ್ರಿ ಮಾಡುತ್ತಾ ಬೈದುಕೊಳ್ಳುವಾಗ ನಮಗೆ ಹೊಳೆಯುವುದೇ ಇಲ್ಲ.

ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ವಾರ್ಟನ್ ಸ್ಕೂಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಎಂಬಿಎ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೋರ್ಸ್ ಹರಾಜು ಆಡಿದವರು, 2013ರಲ್ಲಿ ಅದರ ಜಾಗಕ್ಕೆ 'ಕೋರ್ಸ್ ಮ್ಯಾಚ್' ಬಂತು. ಮೂಲ ಯೋಚನೆ ಎರಿಕ್ ಬುಡಿಶ್ ಅವರದು, ಇವರೂ ಅರ್ಥಶಾಸ್ತ್ರಜ್ಞರೇ. ಕೋರ್ಸ್ ಮ್ಯಾಚಿನಲ್ಲಿ ವಿದ್ಯಾರ್ಥಿ ಬಿಡ್ ಮಾಡುವುದೇ ಇಲ್ಲ. ಒಂದೊಂದು ಕೋರ್ಸು ತನಗೆ ಎಷ್ಟು ಬೇಕು ಅಂತ ಸೊನ್ನೆಯಿಂದ 100ರೊಳಗೆ ಅಂಕ ಕೊಟ್ಟರೆ ಸಾಕು. ಇವೆರಡು ಜೊತೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಅವೆರಡರಲ್ಲಿ ಒಂದು ಸಿಕ್ಕರೆ ಇನ್ನೊಂದು ಬೇಡ ಅಂತಲೂ ಹೇಳಬಹುದು. ಆಮೇಲೆ ಕಂಪ್ಯೂಟರ್ ಎಲ್ಲರ ಹೆಸರಿಗೂ ಹೆಚ್ಚುಕಮ್ಮಿ ಸಮನಾದ ಆಟದ ದುಡ್ಡು ಹಾಕಿ, ಯಾವ ಕೋರ್ಸಿಗೆ ಎಷ್ಟು ಬೆಲೆ ಇಟ್ಟರೆ ಸೀಟೂ ಬೇಡಿಕೆಯೂ ಸರಿಹೋಗುತ್ತದೆ ಅಂತ ಹುಡುಕಿ, ಆ ಬೆಲೆಯಲ್ಲಿ ಪ್ರತಿಯೊಬ್ಬರಿಗೂ ಕೈಗೆಟುಕುವ ಅತ್ಯುತ್ತಮ ಟೈಮ್‌ಟೇಬಲನ್ನು ತಾನೇ ಕೊಂಡು ಕೊಡುತ್ತದೆ. ಹೆಚ್ಚುಕಮ್ಮಿ ಸಮ ಅಂದೆ, ಪೂರ್ತಿ ಸಮ ಅಲ್ಲ. ಇಬ್ಬರ ಹತ್ತಿರವೂ ಅಷ್ಟೇ ದುಡ್ಡಿದ್ದು ಇಬ್ಬರಿಗೂ ಅದೇ ಕೊನೆಯ ಸೀಟು ಬೇಕಾದರೆ ಲೆಕ್ಕ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಒಂಚೂರು ಏರುಪೇರು ಬೇಕಂತಲೇ ಮಾಡಿರುತ್ತಾರೆ. ಬೆಲೆಯೂ ಒಮ್ಮೊಮ್ಮೆ ಕರಾರುವಾಕ್ಕಾಗಿ ಕೂರುವುದಿಲ್ಲ, ಕೆಲವು ಕೋರ್ಸಿಗೆ ಒಬ್ಬಿಬ್ಬರು ಜಾಸ್ತಿ ಬಂದುಬಿಡುತ್ತಾರೆ, ಅದನ್ನು ಸರಿಮಾಡುವುದಕ್ಕೆ ಇನ್ನೊಂದು ಸುತ್ತಿನ ಲೆಕ್ಕ. ಈ ತಲೆನೋವೆಲ್ಲ ಕಂಪ್ಯೂಟರಿನದು.

ವಿದ್ಯಾರ್ಥಿಯೇ ಬಿಡ್ ಮಾಡಬೇಕಾದ ಕಡೆ ತಲೆನೋವು ವಿದ್ಯಾರ್ಥಿಯದು. ಅಲ್ಲಿ ಹಳೆಯ ವರ್ಷಗಳ ಕಟ್ ಆಫ್ ನೋಡಿ ಲೆಕ್ಕ ಹಾಕುವುದು ಪರೀಕ್ಷೆಯಷ್ಟೇ ಗಂಭೀರ ವಿಷಯ. ನಿಮ್ಮ ಮನೆಯ ಹುಡುಗರು ಯಾರಾದರೂ ಬಿಡ್ಡಿಂಗ್ ಅಂತ ಒದ್ದಾಡುತ್ತಿದ್ದರೆ 'ಎಷ್ಟು ದುಡ್ಡಪ್ಪಾ ಅದು' ಅಂತ ಕೇಳಬೇಡಿ. ಹಾಕಿದಷ್ಟೂ ಹೋಗುತ್ತಾ ಇಲ್ಲಾ ಕಟ್ ಆಫ್ ಮಾತ್ರವಾ, ಉಳಿದದ್ದು ಮುಂದಿನ ಸೆಮಿಸ್ಟರಿಗೆ ಬರುತ್ತಾ ಇಲ್ವಾ ಅಂತ ಕೇಳಿ. ಅವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ.