ಮೇರಿಲ್ಯಾಂಡ್ ಪಾಠ: ಹಂಚಿಕೊಂಡ ಮಾಹಿತಿ, ಮೊದಲೇ ಗೊತ್ತುಮಾಡಿದ ಬಜೆಟ್

ಬಾಲ್ಟಿಮೋರಿನ ಒಂದು ಆಸ್ಪತ್ರೆಯಿಂದ ಹೃದಯದ ತೊಂದರೆ ಇರುವ ಒಬ್ಬರು ಡಿಸ್ಚಾರ್ಜ್ ಆಗಿ ಮನೆಗೆ ಹೋದರು ಅಂದುಕೊಳ್ಳಿ. ಹತ್ತೇ ದಿನಕ್ಕೆ ಮತ್ತೆ ಉಸಿರಾಟ ಕಷ್ಟವಾಯಿತು. ಈ ಸಲ ಆಂಬುಲೆನ್ಸ್ ಬೇರೆ ಆಸ್ಪತ್ರೆಗೆ ಕರೆದೊಯ್ದಿತು. ಮೊದಲ ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗುಣವಾಗಿ ಹೋದವರು. ಎರಡನೆಯ ಆಸ್ಪತ್ರೆಗೆ ಅವರು ಹೊಸ ರೋಗಿ. ಅವರ ಮಾಮೂಲಿ ಡಾಕ್ಟರಿಗೆ ಎರಡೂ ಗೊತ್ತಿಲ್ಲ. ಹಣದ ಲೆಕ್ಕ ನೋಡಿದರೆ ಎರಡೂ ಆಸ್ಪತ್ರೆಗಳಿಗೆ ಬಿಲ್ ಸಿಕ್ಕಿದೆ. ಅಂದರೆ ರೋಗಿ ಮರಳಿ ಬಂದರೆ ಯಾರಿಗೂ ನಷ್ಟವಿಲ್ಲ, ರೋಗಿಯೊಬ್ಬರನ್ನು ಬಿಟ್ಟು.

ಇಲ್ಲಿ ಗಂಟು ಎರಡು. ಒಂದು, ಮಾಹಿತಿ ಚೂರುಚೂರಾಗಿದೆ. ಇನ್ನೊಂದು, ಹಣ ಬರುವ ದಾರಿಯೇ ಜಾಸ್ತಿ ದಾಖಲಾತಿಗೆ ಒತ್ತು ಕೊಡುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಇವೆರಡಕ್ಕೂ ಒಟ್ಟಿಗೆ ಕೈಹಾಕಿತು. ಅದಕ್ಕೇ ಈ ವಿಷಯ ಓದುವವರು ಈ ರಾಜ್ಯದಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಮೊದಲು ಮಾಹಿತಿಯ ಕಡೆ ನೋಡೋಣ. ಮೇರಿಲ್ಯಾಂಡಿನಲ್ಲಿ ಕ್ರಿಸ್ಪ್ ಎಂಬ ಲಾಭರಹಿತ ಸಂಸ್ಥೆ ಇದೆ. ರೋಗಿ ದಾಖಲಾದಾಗ, ಡಿಸ್ಚಾರ್ಜ್ ಆದಾಗ, ಬೇರೆಡೆಗೆ ವರ್ಗವಾದಾಗ ಆಸ್ಪತ್ರೆಯ ಕಂಪ್ಯೂಟರಿನಿಂದ ಒಂದು ಚಿಕ್ಕ ಸಂದೇಶ ಅಲ್ಲಿಗೆ ಹೋಗುತ್ತದೆ. ಕ್ಲಿನಿಕ್‌ಗಳು ತಮ್ಮ ರೋಗಿಗಳ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತವೆ. ಪಟ್ಟಿಯಲ್ಲಿರುವವರು ಯಾವ ಆಸ್ಪತ್ರೆಗೆ ಸೇರಿದರೂ ಅವರ ಡಾಕ್ಟರಿಗೆ ಸುದ್ದಿ ಮುಟ್ಟುತ್ತದೆ. ಡಿಸ್ಚಾರ್ಜ್ ಆದ ಮೇಲೆ ನರ್ಸ್ ಒಂದು ಫೋನ್ ಮಾಡಿ, "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂತ ಕೇಳಬಹುದು. ಬೇಡ ಅನ್ನುವ ರೋಗಿಗೆ ಈ ವ್ಯವಸ್ಥೆಯಿಂದ ಹೊರಗುಳಿಯುವ ಹಕ್ಕೂ ಇದೆ.

ಕೇಳಲು ಸುಲಭ, ಮಾಡಲು ಕಷ್ಟ. ನಮ್ಮಲ್ಲಿ ಈಗ 14 ಅಂಕಿಗಳ ಆಭಾ ಸಂಖ್ಯೆ ಬಂದಿದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ಆರೋಗ್ಯ ಸಂಖ್ಯೆ ಇಲ್ಲ. ಹಾಗಾಗಿ ಹೆಸರು, ಹುಟ್ಟಿದ ದಿನ, ವಿಳಾಸ ಇವನ್ನೆಲ್ಲ ತಾಳೆ ನೋಡಿ, ಎರಡು ಆಸ್ಪತ್ರೆಯ ದಾಖಲೆಗಳು ಒಬ್ಬರದೇ ಹೌದೋ ಅಲ್ಲವೋ ಅಂತ ತೀರ್ಮಾನಿಸಬೇಕು. ಈ ತಾಳೆ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಮೇಲೆ ಹೇಳಿದ ರೋಗಿ ಎರಡನೇ ಆಸ್ಪತ್ರೆಗೆ ಹೋದರೂ ಅದು ಮರುದಾಖಲಾತಿ ಅಂತ ಲೆಕ್ಕಕ್ಕೆ ಸಿಗುವುದು ಇದರಿಂದಲೇ.

ಈಗ ಹಣ. ಮೇರಿಲ್ಯಾಂಡಿನಲ್ಲಿ ಆಸ್ಪತ್ರೆಯ ದರಗಳನ್ನು ರಾಜ್ಯದ ಒಂದು ಆಯೋಗ ನಿಗದಿ ಮಾಡುತ್ತದೆ. ಆಯೋಗ ಹುಟ್ಟಿದ್ದು 1971ರಲ್ಲಿ. 1977ರಿಂದ ಸರ್ಕಾರಿ ವಿಮೆಯಾಗಲಿ ಖಾಸಗಿ ವಿಮೆಯಾಗಲಿ, ಒಂದು ಆಸ್ಪತ್ರೆಯಲ್ಲಿ ಒಂದು ಸೇವೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ದರ ಕೊಡುತ್ತಾರೆ. ಆದರೂ ರೋಗಿಗಳು ಜಾಸ್ತಿಯಾದಷ್ಟೂ ಆದಾಯ ಜಾಸ್ತಿ ಅನ್ನುವುದು ಉಳಿದೇ ಇತ್ತು. 2014ರಲ್ಲಿ ಕೇಂದ್ರ ಸರ್ಕಾರದ ಜೊತೆ ಹೊಸ ಒಪ್ಪಂದವಾಗಿ, ಆಸ್ಪತ್ರೆಗಳಿಗೆ ಇಡೀ ವರ್ಷದ ಆದಾಯವನ್ನೇ ಮೊದಲೇ ಗೊತ್ತುಮಾಡುವ ಪದ್ಧತಿ ಬಂತು. ಇದಕ್ಕೆ ಗ್ಲೋಬಲ್ ಬಜೆಟ್ ಅನ್ನುತ್ತಾರೆ. ಕೆಲವು ಗ್ರಾಮೀಣ ಆಸ್ಪತ್ರೆಗಳು 2010ರ ಹೊತ್ತಿಗೇ ಇದನ್ನು ಪ್ರಯೋಗಿಸಿ ನೋಡಿದ್ದವು.

ಇದರ ಒಳಗುಟ್ಟು ತಿಳಿಯಲು ಒಂದು ಲೆಕ್ಕ ಮಾಡೋಣ. ಸುಲಭವಾಗಲಿ ಅಂತ ರೂಪಾಯಿಯಲ್ಲೇ ಇಟ್ಟುಕೊಳ್ಳುತ್ತೇನೆ. ವರ್ಷದ ಬಜೆಟ್ 100 ಕೋಟಿ, ನಿರೀಕ್ಷೆಯ ದಾಖಲಾತಿ 10,000, ಹಾಗಾದರೆ ಒಂದಕ್ಕೆ 1 ಲಕ್ಷ. ಒಳ್ಳೆಯ ಆರೈಕೆಯಿಂದ ದಾಖಲಾತಿ 9,600ಕ್ಕೆ ಇಳಿಯಿತು. ಆಗ ಆಸ್ಪತ್ರೆ ತನ್ನ ದರವನ್ನು ಸುಮಾರು 1,04,167 ರೂಪಾಯಿಗೆ ಏರಿಸಿ ಅದೇ 100 ಕೋಟಿ ಗಳಿಸಬಹುದು. ದಾಖಲಾತಿ 10,400ಕ್ಕೆ ಏರಿದರೆ ದರವನ್ನು ಸುಮಾರು 96,154ಕ್ಕೆ ಇಳಿಸಬೇಕು. ದರ ಹೀಗೆ ಏರಿಳಿಯಲು ಸಾಮಾನ್ಯವಾಗಿ 5%ರ ಮಿತಿ ಇದೆ, ಅದನ್ನು ಮೀರಲು ಆಯೋಗದ ಅನುಮತಿ ಬೇಕು. ಅಂದರೆ ಹಾಸಿಗೆ ತುಂಬಿಸಿದ ಮಾತ್ರಕ್ಕೆ ಲಾಭವಿಲ್ಲ. ನರ್ಸ್ ಮಾಡಿದ ಆ ಫೋನ್ ಕರೆ ಈಗ ಆಸ್ಪತ್ರೆಗೆ ಉಳಿತಾಯ. ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆಗೆ ಒಂದೊಂದು ಚಿಕಿತ್ಸೆಗೂ ಪ್ಯಾಕೇಜ್ ಲೆಕ್ಕದಲ್ಲಿ ಹಣ ಬರುತ್ತದೆ. ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಥಟ್ಟನೆ ಕಾಣುತ್ತದೆ.

"ಹಾಗಾದರೆ ರೋಗಿಗಳನ್ನು ಪಕ್ಕದ ಆಸ್ಪತ್ರೆಗೆ ಸಾಗಹಾಕಿದರೆ?" ಈ ಪ್ರಶ್ನೆ ನಿಮಗೂ ಬಂದಿರಬೇಕು, ಅಲ್ವಾ? ಹಂಚಿಕೊಂಡ ಮಾಹಿತಿ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಒಂದು ಕಡೆ ರೋಗಿಗಳು ಕಡಿಮೆಯಾಗಿ ಇನ್ನೊಂದು ಕಡೆ ಹೆಚ್ಚಾದರೆ ಆಯೋಗದ ಲೆಕ್ಕದಲ್ಲಿ ಅದು ಕಾಣುತ್ತದೆ. ಬಜೆಟ್ಟಿನ ಒಂದು ಪಾಲು ಆ ರೋಗಿಗಳ ಹಿಂದೆಯೇ ಹೋಗುತ್ತದೆ. ಊರಿನ ಜನಸಂಖ್ಯೆ ಬೆಳೆದರೆ, ವಯಸ್ಸಾದವರು ಹೆಚ್ಚಿದರೆ ಅದಕ್ಕೂ ಹೊಂದಾಣಿಕೆ ಇದೆ. ಎಲ್ಲರ ಅಂಕಿಅಂಶ ಒಂದೇ ಕಡೆ ಸೇರದಿದ್ದರೆ ಇದ್ಯಾವುದೂ ನ್ಯಾಯವಾಗಿ ನಡೆಯುತ್ತಿರಲಿಲ್ಲ.

ಐದು ವರ್ಷದಲ್ಲಿ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ವಿಮೆಗೆ 33 ಕೋಟಿ ಡಾಲರ್ ಉಳಿಸಬೇಕು ಅನ್ನುವುದು ಒಪ್ಪಂದದ ಒಂದು ಷರತ್ತು. ರಾಜ್ಯ ಅದನ್ನು ದಾಟಿತು. ದೇಶದ ಸರಾಸರಿಗಿಂತ ಮೇಲಿದ್ದ ಮರುದಾಖಲಾತಿಯೂ ಅವಧಿ ಮುಗಿಯುವ ಹೊತ್ತಿಗೆ ಸರಾಸರಿಯ ಮಟ್ಟಕ್ಕೆ ಇಳಿದಿತ್ತು. ಆದರೆ ಬಜೆಟ್ ಇದ್ದದ್ದು ಆಸ್ಪತ್ರೆಗಳಿಗೆ ಮಾತ್ರ. ಹೊರಗಿನ ಡಾಕ್ಟರುಗಳಿಗೆ ಹಳೆಯ ಪದ್ಧತಿಯಲ್ಲೇ ಹಣ ಹೋಗುತ್ತಿತ್ತು. ಅದಕ್ಕೇ 2019ರಲ್ಲಿ ಒಟ್ಟು ಆರೈಕೆಯ ವೆಚ್ಚವನ್ನೇ ಲೆಕ್ಕಕ್ಕೆ ತರುವ ಮುಂದಿನ ಒಪ್ಪಂದ ಬಂತು.

ಇದರ ಜೊತೆಗೇ ಓದಬೇಕಾದ ಇನ್ನೊಂದು ಕಥೆ ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನದು. ಅಲ್ಲಿ ಡಾಕ್ಟರ್ ಜೆಫ್ರಿ ಬ್ರೆನ್ನರ್ ಊರಿನ ಆಸ್ಪತ್ರೆಗಳ ಬಿಲ್ಲಿಂಗ್ ಮಾಹಿತಿ ಒಟ್ಟುಮಾಡಿ, ಪದೇಪದೇ ದಾಖಲಾಗುವ ಕೆಲವೇ ಜನರನ್ನು ಗುರುತಿಸಿದರು. ನರ್ಸ್‌ಗಳು, ಸಮಾಜ ಕಾರ್ಯಕರ್ತರು ಅವರ ಮನೆಗೇ ಹೋದರು. ದಾಖಲಾತಿ ಇಳಿಯಿತು, ದೇಶವೆಲ್ಲ ಕೊಂಡಾಡಿತು. ಆಮೇಲೆ 800 ರೋಗಿಗಳನ್ನು ಲಾಟರಿಯಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು: 180 ದಿನದೊಳಗೆ ಮರುದಾಖಲಾದವರು ವಿಶೇಷ ಆರೈಕೆ ಸಿಕ್ಕ ಗುಂಪಿನಲ್ಲಿ 62.3%, ಸಿಗದ ಗುಂಪಿನಲ್ಲಿ 61.7%.

ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ಅದು. ಕಾರಣ ಅರ್ಥ ಮಾಡಿಕೊಳ್ಳುವುದು ಮುಖ್ಯ. ತೀರಾ ಕೆಟ್ಟ ಸ್ಥಿತಿಯಲ್ಲಿದ್ದಾಗಲೇ ಆರಿಸಿದ ರೋಗಿಗಳಲ್ಲಿ ಹಲವರು, ಏನೂ ಮಾಡದಿದ್ದರೂ, ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಸುಧಾರಿಸುತ್ತಾರೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಆ ಸುಧಾರಣೆಯೆಲ್ಲ ಕಾರ್ಯಕ್ರಮದ್ದೇ ಅನಿಸುತ್ತದೆ. ಜೊತೆಗೆ, ಮನೆ ಇಲ್ಲದವರನ್ನು, ವ್ಯಸನಕ್ಕೆ ಚಿಕಿತ್ಸೆ ಸಿಗದವರನ್ನು ಮಾಹಿತಿ ಹುಡುಕಿಕೊಡಬಹುದು. ಮನೆ, ಚಿಕಿತ್ಸೆ ಕೊಡಲು ಬೇರೆಯೇ ಹಣ ಬೇಕು.

ಮೇರಿಲ್ಯಾಂಡಿನ ಅಂಕಿಗಳನ್ನೂ ಇದೇ ಕಣ್ಣಿನಿಂದ ನೋಡಿ. ಅಲ್ಲಿನ ತುರ್ತು ಚಿಕಿತ್ಸಾ ಘಟಕಗಳಲ್ಲಿ ಜನ ಕಾಯುವ ಹೊತ್ತು ವರ್ಷಗಳಿಂದ ಇಡೀ ದೇಶದಲ್ಲೇ ಅತಿ ಜಾಸ್ತಿ ಇರುವ ಕಡೆಗಳಲ್ಲಿ ಒಂದು. ಗೊತ್ತುಮಾಡಿದ ಬಜೆಟ್ಟೇ ಇದಕ್ಕೆ ಕಾರಣವೇ, ಹಾಸಿಗೆ ಮತ್ತು ಸಿಬ್ಬಂದಿಯ ಕೊರತೆಯೇ ಅನ್ನುವ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಪರೀಕ್ಷೆಗೆ ಓದುವವರು ಉಳಿತಾಯದ ಅಂಕಿಯ ಪಕ್ಕದಲ್ಲೇ ಇದನ್ನೂ ಬರೆದಿಟ್ಟುಕೊಳ್ಳಿ.