ಪರದೆ ಮೇಲೆ ಕಂಡರೆ ಸಾಕಾ?

ಪ್ರಶ್ನೆ: ಕಣ್ಣು ಕಾಣದವರೂ ಬಳಸುವಂಥ ಡೆಸ್ಕ್‌ಟಾಪ್ ಸಾಫ್ಟ್‌ವೇರನ್ನು ಪೈಥಾನ್‌ನಲ್ಲಿ ಬರೆಯಬೇಕು. ಯಾವ ಟೂಲ್‌ಕಿಟ್ (ಕಿಟಕಿ, ಬಟನ್ ಕಟ್ಟುವ ಸಾಮಗ್ರಿ) ಒಳ್ಳೆಯದು?

ವಿಂಡೋಸ್‌ಗಾದರೆ ಡಬ್ಲ್ಯುಎಕ್ಸ್‌ಪೈಥಾನ್. ಉತ್ತರ ಮುಗಿಯಿತು. ಇದನ್ನು ಎಷ್ಟು ಸಲ ಹೇಳಿದ್ದೇನೋ, ಹೇಳಿದ ತಕ್ಷಣ ಬರುವ ಮರುಪ್ರಶ್ನೆ ಮಾತ್ರ ನನಗೆ ಬಾಯಿಪಾಠ: "ಸಾರ್, ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತಲ್ಲ, ಅದೇ ಸಾಕಲ್ವಾ? ಪರದೆ ಮೇಲೆ ಇರೋದನ್ನ ಸ್ಕ್ರೀನ್ ರೀಡರ್ ಓದೇ ಓದುತ್ತಲ್ಲ?"

ಓದುವುದಿಲ್ಲ. ಆ ಹೆಸರೇ ದಾರಿ ತಪ್ಪಿಸುತ್ತದೆ. ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿರುವುದನ್ನು ದನಿಯಲ್ಲಿ ಹೇಳುವ ಈ ಸ್ಕ್ರೀನ್ ರೀಡರ್ ಪರದೆಯನ್ನು ನೋಡುವುದಿಲ್ಲ, ಪ್ರೋಗ್ರಾಮನ್ನು ಕೇಳುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬಂದು ನಿಂತಾಗ ಬೋರ್ಡ್ ಕಾಣದವರು ಏನು ಮಾಡುತ್ತಾರೆ? "ಬನಶಂಕರಿ ಹೋಗುತ್ತಾ?" ಅಂತ ಕಂಡಕ್ಟರನ್ನು ಕೇಳುತ್ತಾರೆ. ಕಂಡಕ್ಟರ್ ಬಾಯಿ ಬಿಡದಿದ್ದರೆ ಬೋರ್ಡ್ ಎಷ್ಟು ದಪ್ಪ ಅಕ್ಷರದಲ್ಲಿದ್ದರೂ ಅಷ್ಟೇ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಕೂಡ ಹಾಗೇ ಕೇಳುತ್ತದೆ: ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಎಲ್ಲಿದೆ, ಅದು ಬಟನ್ನಾ ಚೆಕ್‌ಬಾಕ್ಸಾ, ಹೆಸರೇನು, ಟಿಕ್ ಆಗಿದೆಯಾ? ವಿಂಡೋಸ್‌ನಲ್ಲಿ ಈ ಮಾತುಕತೆ ನಡೆಯುವುದು ಯುಐ ಆಟೊಮೇಷನ್ ಎಂಬ ವ್ಯವಸ್ಥೆಯ ಮೂಲಕ, ಇಲ್ಲವೇ ಅದಕ್ಕಿಂತ ಹಳೆಯ ಎಂಎಸ್‌ಎಎ ಮೂಲಕ. ಡಬ್ಲ್ಯುಎಕ್ಸ್ ಆದಷ್ಟೂ ವಿಂಡೋಸ್‌ನದೇ ಬಟನ್ನು, ಪೆಟ್ಟಿಗೆಗಳನ್ನು ಬಳಸುತ್ತದೆ, ಹಾಗಾಗಿ ಉತ್ತರ ವಿಂಡೋಸೇ ಕೊಡುತ್ತದೆ. ಟಿಕಿಂಟರ್ ಬಹುಪಾಲು ಎಲ್ಲವನ್ನೂ ತಾನೇ ಚಿತ್ರ ಬಿಡಿಸಿಕೊಳ್ಳುತ್ತದೆ, ಅದರಡಿಯ ಟಿಕೆ 8.6ಕ್ಕೆ ಕೇಳಿದ್ದಕ್ಕೆ ಉತ್ತರಿಸುವ ಬಾಯಿಯೇ ಇಲ್ಲ.

"ಓಸಿಆರ್ ಇದೆಯಲ್ಲ?" ಇದೆ. ಎನ್‌ವಿಡಿಎ ಕೀ ಜೊತೆ ಆರ್ ಒತ್ತಿದರೆ ಅಕ್ಷರ ಗುರುತಿಸಿ ಓದುತ್ತದೆ. 'ಸೇವ್' ಅಂತ ಎಲ್ಲೋ ಬರೆದಿದೆ ಎಂದು ಗೊತ್ತಾಗುತ್ತದೆ, ಅದು ಬಟನ್ನೋ ಸುಮ್ನೆ ತಲೆಬರಹವೋ ಗೊತ್ತಾಗುವುದಿಲ್ಲ. ಪ್ರತಿ ಹೆಜ್ಜೆಗೂ ಹೀಗೆ ಮಾಡಿ ಒಂದು ಬಿಲ್ ಹಾಕಿ ನೋಡಿ.

ನಾನೂ ಈ ಗುಂಡಿಗೆ ಬಿದ್ದವನೇ. ಜಯನಗರದ ಗೆಳೆಯರೊಬ್ಬರಿಗೆ ಟಿಕಿಂಟರ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಮಾಡಿಕೊಟ್ಟು, ಬಣ್ಣಗಿಣ್ಣ ಎಲ್ಲ ಬಳಿದು, ಜಂಬದಿಂದ ಪಕ್ಕದಲ್ಲಿ ಕೂತಿದ್ದೆ. ಅವರು ಹತ್ತು ಸಲ ಟ್ಯಾಬ್ ಒತ್ತಿ, "ಇದು ಆನ್ ಆಗಿದೆಯಾ?" ಅಂದರು.

ಎನ್‌ವಿಡಿಎಯ ಸ್ವಂತ ಸೆಟ್ಟಿಂಗ್ಸ್ ಕಿಟಕಿಗಳೇ ಡಬ್ಲ್ಯುಎಕ್ಸ್‌ಪೈಥಾನ್‌ನಲ್ಲಿವೆ, ಇನ್ನೇನು ಸಾಕ್ಷಿ ಬೇಕು? ಒಂದು ಎಚ್ಚರ: ಲೇಬಲ್ಲನ್ನು ಅದರ ಪೆಟ್ಟಿಗೆಗಿಂತ ಮೊದಲು, ಕೋಡಿನ ಹಿಂದಿನ ಸಾಲಲ್ಲೇ ಸೃಷ್ಟಿಸಿ. ಆ ಕ್ರಮ ನೋಡಿಯೇ ಪೆಟ್ಟಿಗೆಗೆ ಹೆಸರು ಸಿಗುತ್ತದೆ. ಇದರಲ್ಲೂ ಗ್ರಿಡ್‌ನಂಥವು ಚಿತ್ರ ಬಿಡಿಸುವ ಜಾತಿಯವೇ, ಪಟ್ಟಿಗೆ ಲಿಸ್ಟ್‌ಕಂಟ್ರೋಲ್ ಸಾಕು. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್ ಕೂಡ ವಾಸಿ, ಚಿತ್ರ ತಾನೇ ಬಿಡಿಸಿದರೂ ಉತ್ತರ ಕೊಡುತ್ತದೆ, ಆದರೆ ಬರೀ ಐಕಾನ್ ಇರುವ ಬಟನ್ನಿಗೆ ಹೆಸರು ನೀವೇ ಕೊಡಬೇಕು. ಲಿನಕ್ಸ್‌ನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಬಳಸುವವರಿಗಾದರೆ ಜಿಟಿಕೆ ಟೂಲ್‌ಕಿಟ್.

ಯಾರೂ ಕೇಳದ ಇನ್ನೊಂದು ವಿಷಯ. ಲೇಬಲ್ ಕನ್ನಡದಲ್ಲಿದ್ದರೆ? ಎನ್‌ವಿಡಿಎ ಜೊತೆ ಬರುವ ಇಸ್ಪೀಕ್‌ನಲ್ಲಿ ಕನ್ನಡ ಧ್ವನಿ ಇದೆ, ಸ್ವಲ್ಪ ಯಂತ್ರದ ದನಿ, ಕಿವಿಗೆ ಬೇಗ ಒಗ್ಗುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಬೇಡಿ. ಕಣ್ಣಿಗೆ ಅದು 'ಹೆಸರು', ಒಳಗಿರುವುದು ಅರ್ಥವಿಲ್ಲದ ಲ್ಯಾಟಿನ್ ಗುರುತುಗಳ ಸಾಲು. ಎನ್‌ವಿಡಿಎ ಓದುವುದು ಆ ಗುರುತುಗಳನ್ನೇ.