ಗಾಳಿ ಜೋರಿರೋ ದಿನ ಬೇಡ, ಬಿಸಿಲಿರೋ ದಿನ ಬನ್ನಿ

ನಾನು ಪುಣೆಯ ಹಡಪ್ಸರ್‌ನಲ್ಲಿ ಗ್ಲೈಡಿಂಗ್, ಅಂದರೆ ಎಂಜಿನ್ ಇಲ್ಲದ ವಿಮಾನ ಹಾರಿಸುವುದನ್ನು, ಹೇಳಿಕೊಡುವವನು ಅಂತ ಧಾರವಾಡದ ನಮ್ಮ ಓಣಿಯವರಿಗೆಲ್ಲ ಗೊತ್ತು. ಡಿಸೆಂಬರ್ ಬಂತೆಂದರೆ ಫೋನು ಶುರು. "ಸರ್, ಹುಡುಗನ್ನ ಕರ್ಕೊಂಡ್ ಬರ್ತೀವಿ, ಗಾಳಿ ಜೋರಿರೋ ದಿನ ನೋಡಿ ಹೇಳ್ರಿ." ಅಂಥ ದಿನ ಆ ವಿಮಾನ, ಅಂದರೆ ಗ್ಲೈಡರ್, ತನ್ನ ಶೆಡ್ಡು ಬಿಟ್ಟು ಹೊರಗೇ ಬರಲಿಕ್ಕಿಲ್ಲ ಅಂದರೆ ಯಾರೂ ನಂಬುವುದಿಲ್ಲ.

ಗ್ಲೈಡರ್ ಗಾಳಿಪಟ ಅಲ್ಲ. ಪಟಕ್ಕೆ ಕೊನೇತನಕ ದಾರ ಇರುತ್ತದೆ, ಗ್ಲೈಡರ್‌ಗೆ ನೆಲದಿಂದ ಎಳೆಯುವ ವಿಂಚ್ ಯಂತ್ರದ ಹಗ್ಗ ಅರ್ಧ-ಮುಕ್ಕಾಲು ನಿಮಿಷ ಅಷ್ಟೇ. 300-400 ಮೀಟರ್ ಎತ್ತರದಲ್ಲಿ ಹಗ್ಗ ಬಿಟ್ಟ ಮೇಲೆ ಅದು ಇಳಿಯುತ್ತಲೇ ಇರುತ್ತದೆ, ಸೆಕೆಂಡಿಗೆ ಹೆಚ್ಚುಕಮ್ಮಿ 1 ಮೀಟರ್. ಐದಾರು ನಿಮಿಷಕ್ಕೆ ನೆಲ. ಇನ್ನೂ ಹೊತ್ತು ಮೇಲಿರಬೇಕು ಅಂದರೆ, ಅದು ಇಳಿಯುವುದಕ್ಕಿಂತ ಜೋರಾಗಿ ಮೇಲೇಳುವ ಗಾಳಿ ಸಿಗಬೇಕು. ಬೀಸುವ ಗಾಳಿ ಅಲ್ಲ, ಏಳುವ ಗಾಳಿ. ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಆ ಗಾಳಿಯನ್ನು ಎಬ್ಬಿಸುವುದು ಬಿಸಿಲು. ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾಯುತ್ತದೆ, ಹಗುರಾಗಿ ಮೇಲೇಳುತ್ತದೆ. ನಾವು ಥರ್ಮಲ್ ಅನ್ನುವುದು ಇದಕ್ಕೇ. ಏರಿದಂತೆ ಅದು 100 ಮೀಟರಿಗೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವ ತನಕ ಏರುತ್ತದೆ. ನೆಲ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ನಮ್ಮ ನವಲಗುಂದದ ಕಡೆಯ ಎರೆ ಹೊಲವನ್ನೇ ತಗೊಳ್ಳಿ. ಹಿಂಗಾರಿ ಜೋಳ ಹಸಿರಾಗಿ ನಿಂತ ಹೊಲದ ಮೇಲೆ ಏನೂ ಸಿಗಲಿಕ್ಕಿಲ್ಲ. ಪಕ್ಕದ ಒಣ ಬಯಲು, ತಗಡಿನ ಗೋಡೌನು ಇದ್ದರೆ ಅಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ. ನಾವೂ ಸುಮ್ನೆ ಅವುಗಳ ಕೆಳಗೆ ಹೋಗಿ ಸೇರಿಕೊಳ್ಳುತ್ತೇವೆ.

ಒಮ್ಮೆ ಗದಗಿನ ಒಬ್ಬ ಕಾಕಾ ನನ್ನ ಜತೆ ವಾದಕ್ಕೇ ಇಳಿದರು. "ಕಪ್ಪತಗುಡ್ಡದ ಕಡೆ ಅಷ್ಟು ಫ್ಯಾನ್ ತಿರಗತಾವಲ್ರೀ, ಗಾಳಿ ಇಲ್ದ ತಿರಗತಾವೇನು? ಅಲ್ಲೇ ಒಂದ್ ಕ್ಲಬ್ ಮಾಡ್ರಿ." ಅವರ ಮಾತು ಅರ್ಧ ಸರಿ. ಗುಡ್ಡಕ್ಕೆ ಬಡಿದ ಗಾಳಿ ಮೇಲಕ್ಕೆ ತಿರುಗುತ್ತದೆ, ಅದರ ಮೇಲೂ ಹಾರಬಹುದು. ಆದರೆ ಆ ಫ್ಯಾನುಗಳ ನಡುವೆ ಹಾರು ಅಂದರೆ ನಾನಂತೂ ಒಲ್ಲೆ. ಬಯಲಿನಲ್ಲಿ ಎದುರುಗಾಳಿ ಸ್ವಲ್ಪ ಇದ್ದರೆ ಒಳ್ಳೇದೇ, ವಿಂಚಿನಲ್ಲಿ ಜಾಸ್ತಿ ಎತ್ತರ ಸಿಗುತ್ತದೆ. ಜೋರಾದರೆ ಥರ್ಮಲ್ ಚೂರುಚೂರಾಗುತ್ತದೆ. ಅಡ್ಡ ಬೀಸಿದರೆ ಹಾರಾಟವೇ ಬಂದ್.

ಇನ್ನೊಂದು ಗುಂಪು ರಾತ್ರಿ ಬಸ್ಸು ಹಿಡಿದು, ಬೆಳಿಗ್ಗೆ ಏಳಕ್ಕೆ ಸ್ವೆಟರ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತದೆ. ಪಾಪ, ಉತ್ಸಾಹ. ಚಳಿಗಾಲದ ನಸುಕಿನಲ್ಲಿ ನೆಲದ ಹತ್ತಿರ ತಂಪು, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ನಿಮ್ಮ ಊರಲ್ಲೇ ನೋಡಿ: ಬಚ್ಚಲ ಒಲೆಯ ಹೊಗೆ ಸ್ವಲ್ಪ ಏರಿ, ಅಡ್ಡಕ್ಕೆ ಹಾಸಿಕೊಂಡು ನಿಂತುಬಿಡುತ್ತದೆ, ಅಲ್ವಾ? ಆ ಹೊಗೆ ಒಡೆದು ಮೇಲೆ ಹೋಗುವ ತನಕ ನಮಗೂ ಮೇಲೆ ದಾರಿ ಇಲ್ಲ. ಅಲ್ಲಿಯವರೆಗೆ ಹೊಸ ಹುಡುಗರಿಗೆ ಏರುವುದು, ಇಳಿಸುವುದು ಕಲಿಸುತ್ತೇವೆ. ಅಲುಗಾಡದ ಗಾಳಿ ಅದಕ್ಕೆ ಬಹಳ ಚಲೋ.

ಉದ್ದ ಹಾರಾಟ ಬೇಕಾದವರು ಹನ್ನೊಂದರ ಮೇಲೆ ಬನ್ನಿ. ನಾಲ್ಕರ ಹೊತ್ತಿಗೆ ಚಳಿಗಾಲದ ಥರ್ಮಲ್ ಸೊರಗುತ್ತದೆ. ಇದು ಸಾಧಾರಣ ಲೆಕ್ಕ. ಮೋಡ ಕವಿದರೆ ಎಲ್ಲ ಉಲ್ಟಾ. ಆ ದಿನದ ಇನ್‌ಸ್ಟ್ರಕ್ಟರ್ ಬೇಡ ಅಂದರೆ ಬೇಡ, ವಾದ ಮಾಡಬೇಡಿ. ಮತ್ತೆ, ಥರ್ಮಲ್‌ನಲ್ಲಿ ಒಂದೇ ಸಮನೆ ಸುತ್ತಬೇಕಾಗುತ್ತದೆ, ಹೊಟ್ಟೆ ತೊಳಸಬಹುದು. ಗಿರ್ಮಿಟ್, ಮಿರ್ಚಿ ಇಳಿದ ಮೇಲೆ ತಿನ್ನಿ.